ಗಡಿಯಾರಕ್ಕೆ ಬಣ್ಣ ಕಾಣದು

ಎದುರುಗಾಳಿಗೆ ಸೈಕಲ್ ತುಳಿದವರಿಗೆಲ್ಲ ಈ ಅನುಭವ ಉಂಟು. ರಸ್ತೆ ಮಟ್ಟಸವಾಗಿರುತ್ತದೆ, ಚೈನಿಗೆ ಎಣ್ಣೆ ಬಿಟ್ಟಿರುತ್ತದೆ, ಟೈರಿನಲ್ಲಿ ಬೇಕಾದಷ್ಟು ಗಾಳಿಯೂ ಇರುತ್ತದೆ. ಆದರೂ ಸೈಕಲ್ ಮುಂದಕ್ಕೆ ಹೋಗಲು ಒಲ್ಲೆನೆನ್ನುತ್ತದೆ. ಗಾಳಿ ಬೀಸದ ದಿನವೂ ವೇಗವಾಗಿ ಹೋಗುವವನಿಗೆ ಗಾಳಿಯೇ ದೊಡ್ಡ ಅಡ್ಡಿ. ಇದಕ್ಕೊಂದು ಲೆಕ್ಕವಿದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಮೀರಲು ಸವಾರ ಒದಗಿಸಬೇಕಾದ ಸಾಮರ್ಥ್ಯ ಎಂಟರಷ್ಟಾಗುತ್ತದೆ.

ಈ ನಿಯಮ ಎಲ್ಲರಿಗೂ ಒಂದೇ. ಬಡವ ತುಳಿಯಲಿ, ಶ್ರೀಮಂತ ತುಳಿಯಲಿ, ಗಾಳಿಗೆ ಪಕ್ಷಪಾತವಿಲ್ಲ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದಲ್ಲಿ ಒಬ್ಬ ಸೈಕಲ್ ಪಟು ಭೌತಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲದ ಇನ್ನೊಂದು ತಡೆಯನ್ನೂ ಎದುರಿಸಬೇಕಾಯಿತು. ಆತನ ಹೆಸರು ಮಾರ್ಷಲ್ ಟೇಲರ್. ಜಗತ್ತು ಆತನನ್ನು ‘ಮೇಜರ್ ಟೇಲರ್’ ಎಂದು ಕರೆಯಿತು. ಆತ ಸೈನ್ಯದಲ್ಲಿ ಎಂದೂ ಇರಲಿಲ್ಲ. ಆ ಹೆಸರು ಬಂದ ಬಗೆಯೇ ಒಂದು ಕಥೆ.

ಗಾಡಿ ಹೊಡೆಯುವವನ ಮಗ

ಟೇಲರ್ ಹುಟ್ಟಿದ್ದು 1878ರ ನವೆಂಬರ್ 26ರಂದು, ಇಂಡಿಯಾನಾಪೊಲಿಸ್ ನಗರದಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡು ಆಗ ಕೇವಲ 13 ವರ್ಷವಾಗಿತ್ತು. ತಂದೆ ಗಿಲ್ಬರ್ಟ್ ಸೌತಾರ್ಡ್ ಎಂಬ ಶ್ರೀಮಂತ ಬಿಳಿಯರ ಮನೆಯಲ್ಲಿ ಕುದುರೆಗಾಡಿ ಹೊಡೆಯುತ್ತಿದ್ದ. ಆ ಮನೆಯ ಹುಡುಗ ಡಾನ್‌ಗೆ ಜೊತೆ ಬೇಕಾಗಿತ್ತು. ಮಾರ್ಷಲ್ ಆ ಮನೆಯಲ್ಲೇ ಕೆಲವು ವರ್ಷ ಡಾನ್‌ನ ಸಂಗಡಿಗನಾಗಿ ಬೆಳೆದ. ಅವನಂತೆಯೇ ಬಟ್ಟೆ, ಅವನಂತೆಯೇ ಪಾಠ, ಅವನಂತೆಯೇ ಒಂದು ಸೈಕಲ್ಲು.

ಆಟದ ಅಂಗಳದಲ್ಲಿ ಹುಡುಗರ ನಡುವೆ ಭೇದವಿರಲಿಲ್ಲ. ಆದರೆ ಡಾನ್ ಮತ್ತು ಗೆಳೆಯರು ಊರಿನ ವೈ.ಎಂ.ಸಿ.ಎ. ವ್ಯಾಯಾಮಶಾಲೆಗೆ ಹೋದಾಗ ಮಾರ್ಷಲ್ ಹೊರಗೇ ನಿಲ್ಲಬೇಕಾಯಿತು. ಕಪ್ಪು ವರ್ಣೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಡಾನ್‌ನ ತಂದೆತಾಯಿ ಶಿಫಾರಸು ಮಾಡಿದರೂ ಬಾಗಿಲು ತೆರೆಯಲಿಲ್ಲ. ಒಳಗಿನ ವ್ಯಾಯಾಮವನ್ನು ಆತ ಮೇಲಿನ ಅಂಕಣದಿಂದ ನೋಡಬಹುದಾಗಿತ್ತು, ಅಷ್ಟೇ.

ಮುಂದೆ ಸೌತಾರ್ಡ್ ಕುಟುಂಬ ಬೇರೆ ಊರಿಗೆ ಹೋಯಿತು. ಹುಡುಗ ಮನೆಗೆ ಮರಳಿದ. ಸೈಕಲ್ ಮಾತ್ರ ಜೊತೆಗಿತ್ತು. ಅದರ ಮೇಲೆ ನಾನಾ ಕಸರತ್ತುಗಳನ್ನು ಕಲಿತ. ಊರಿನ ಒಂದು ಸೈಕಲ್ ಅಂಗಡಿಯವರು ಇದನ್ನು ಕಂಡು ಕೆಲಸಕ್ಕೆ ಇಟ್ಟುಕೊಂಡರು. ಬೆಳಿಗ್ಗೆ ಅಂಗಡಿ ಗುಡಿಸುವುದು, ದೂಳು ಒರೆಸುವುದು. ಸಂಜೆ ಅಂಗಡಿಯ ಮುಂದೆ ಸಿಪಾಯಿಯ ಸಮವಸ್ತ್ರ ತೊಟ್ಟು ಸೈಕಲ್ ಕಸರತ್ತು ತೋರಿಸಿ ಜನ ಸೇರಿಸುವುದು. ಆ ಸಮವಸ್ತ್ರದಿಂದಲೇ ‘ಮೇಜರ್’ ಎಂಬ ಅಡ್ಡಹೆಸರು ಅಂಟಿಕೊಂಡಿತು.

ಒಮ್ಮೆ ಅಂಗಡಿಯವರು ಹತ್ತು ಮೈಲಿಯ ರಸ್ತೆ ಪಂದ್ಯ ಏರ್ಪಡಿಸಿದರು. ಜನರ ತಮಾಷೆಗೆಂದು ಈ ಹುಡುಗನನ್ನೂ ಸಾಲಿನಲ್ಲಿ ನಿಲ್ಲಿಸಿ, ದೊಡ್ಡವರಿಗಿಂತ 15 ನಿಮಿಷ ಮೊದಲೇ ಹೊರಡಿಸಿದರು. ಸ್ವಲ್ಪ ದೂರ ಹೋಗಿ ದಣಿದು ಕೂರುತ್ತಾನೆ ಎಂದು ಎಲ್ಲರೂ ತಿಳಿದಿದ್ದರು. ಹುಡುಗ ಕೂರಲಿಲ್ಲ. ಹಿಂದಿನಿಂದ ಬಂದ ನುರಿತ ಸವಾರರಿಗೆ ಕೆಲವೇ ಸೆಕೆಂಡುಗಳ ಅಂತರದಲ್ಲಿ ಸಿಕ್ಕದೆ ಗೆದ್ದುಬಿಟ್ಟ. ಗುರಿ ಮುಟ್ಟಿದವನು ಬವಳಿ ಬಂದು ಬಿದ್ದನಂತೆ. ಎಚ್ಚರವಾದಾಗ ಎದೆಯ ಮೇಲೆ ಚಿನ್ನದ ಪದಕವಿತ್ತು.

ಸದಸ್ಯತ್ವವಿಲ್ಲದ ಸವಾರ

ಅದು ಸೈಕಲ್ಲಿನ ಸುವರ್ಣಯುಗ. 1888ರಲ್ಲಿ ಡನ್ಲಪ್ ಗಾಳಿ ತುಂಬುವ ಟೈರನ್ನು ರೂಪಿಸಿದ ಮೇಲೆ ಸೈಕಲ್ ಹಗುರವೂ ವೇಗವೂ ಆಯಿತು. ಮೋಟಾರು ಕಾರು ಇನ್ನೂ ಅಪರೂಪ. ನೆಲದ ಮೇಲೆ ಮನುಷ್ಯ ತನ್ನ ಸ್ವಂತ ಬಲದಿಂದ ಸಾಧಿಸಬಹುದಾದ ವೇಗದ ತುತ್ತತುದಿ ಸೈಕಲ್ ಪಂದ್ಯವೇ ಆಗಿತ್ತು. ಮರದ ಹಲಗೆಯ ಇಳಿಜಾರು ಟ್ರ್ಯಾಕುಗಳ ಸುತ್ತ ಸಾವಿರಾರು ಜನ ಸೇರುತ್ತಿದ್ದರು.

ಆ ಕ್ರೀಡೆಯ ಆಡಳಿತ ‘ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್’ ಎಂಬ ಸಂಘದ ಕೈಯಲ್ಲಿತ್ತು. 1894ರಲ್ಲಿ ಆ ಸಂಘ ತನ್ನ ನಿಯಮಾವಳಿಗೆ ಒಂದು ಮಾತು ಸೇರಿಸಿತು: ಬಿಳಿಯರಿಗೆ ಮಾತ್ರ ಸದಸ್ಯತ್ವ. ಪಂದ್ಯದಲ್ಲಿ ಭಾಗವಹಿಸಲು ನೇರ ನಿಷೇಧ ಇರಲಿಲ್ಲ. ಈ ಸಣ್ಣ ಸಂದಿಯಲ್ಲೇ ಟೇಲರ್ ಒಳಗೆ ನುಸುಳಬೇಕಾಯಿತು.

ಆತನಿಗೆ ದಾರಿ ತೋರಿದವನು ಲೂಯಿ ಮಂಗರ್ ಎಂಬ ಬಿಳಿಯ. ಹಿಂದೆ ತಾನೇ ಸೈಕಲ್ ಪಟುವಾಗಿದ್ದು, ಆಮೇಲೆ ಸೈಕಲ್ ತಯಾರಿಕೆಗೆ ಇಳಿದಿದ್ದವ. ಹುಡುಗನಲ್ಲಿ ವಿಶ್ವ ಚಾಂಪಿಯನ್ ಇದ್ದಾನೆ ಎಂದು ಬಲವಾಗಿ ನಂಬಿದ್ದ. ಇಂಡಿಯಾನಾಪೊಲಿಸ್‌ನಲ್ಲಿ ಅವಕಾಶ ಸಿಗುವುದಿಲ್ಲವೆಂದು ತಿಳಿದು 1895ರಲ್ಲಿ ಟೇಲರನನ್ನು ಮಸಾಚುಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣಕ್ಕೆ ಕರೆದೊಯ್ದ. ಅಲ್ಲಿಯ ವೈ.ಎಂ.ಸಿ.ಎ. ಟೇಲರನನ್ನು ಒಳಗೆ ಬಿಟ್ಟುಕೊಂಡಿತು. ಸೈಕಲ್ ತುಳಿದು ಕಾಲುಗಳು ಆಗಲೇ ಗಟ್ಟಿಯಾಗಿದ್ದವು; ಎದೆ, ತೋಳುಗಳನ್ನು ಆತ ಅಲ್ಲಿ ಬೆಳೆಸಿಕೊಂಡ. ಕಡಿದಾದ ಏರುರಸ್ತೆಗಳಲ್ಲಿ ಅಭ್ಯಾಸ ಮಾಡಿದ.

1896ರ ಬೇಸಿಗೆಯಲ್ಲಿ ಟೇಲರ್ ಹುಟ್ಟೂರಿಗೆ ಬಂದಾಗ ಗೆಳೆಯರು ಊರಿನ ಟ್ರ್ಯಾಕಿನಲ್ಲಿ ಒಂದು ಏರ್ಪಾಡು ಮಾಡಿದರು. ಬಿಳಿಯರ ಜೊತೆ ಸ್ಪರ್ಧೆಯಲ್ಲ, ಗಡಿಯಾರದ ಜೊತೆ. ಟೇಲರ್ ತುಳಿದ, ದಾಖಲೆ ಮುರಿಯಿತು. ಅದನ್ನು ಅಧಿಕೃತವೆಂದು ಯಾರೂ ಬರೆದುಕೊಳ್ಳಲಿಲ್ಲ. ಇನ್ನು ಈ ಟ್ರ್ಯಾಕಿಗೆ ಕಾಲಿಡಕೂಡದೆಂಬ ಅಪ್ಪಣೆ ಮಾತ್ರ ಹೊರಟಿತು. ಗಡಿಯಾರ ತೋರಿಸಿದ್ದು ಸೆಕೆಂಡುಗಳನ್ನು. ಗಡಿಯಾರ ಹಿಡಿದವರು ನೋಡಿದ್ದು ಬಣ್ಣವನ್ನು.

ಆರು ದಿನ, 2,787 ಕಿಲೋಮೀಟರ್

ಅದೇ ವರ್ಷದ ಡಿಸೆಂಬರಿನಲ್ಲಿ ಟೇಲರ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವೃತ್ತಿಪರ ಸ್ಪರ್ಧೆಗೆ ಇಳಿದ. ವಯಸ್ಸು 18. ಮೊದಲು ಅರ್ಧ ಮೈಲಿಯ ಪಂದ್ಯದಲ್ಲಿ ಅಂದಿನ ಹೆಸರಾಂತ ಸವಾರ ಎಡ್ಡಿ ಬಾಲ್ಡ್‌ನನ್ನು ಸೋಲಿಸಿದ. ನಂತರ ಆರು ದಿನಗಳ ಪಂದ್ಯ. ಒಬ್ಬನೇ ಸವಾರ ಹಗಲೂ ರಾತ್ರಿ ತುಳಿಯಬೇಕು. ಹೆಚ್ಚು ನಿದ್ರೆ ಮಾಡಿದವನು ಹೆಚ್ಚು ಹಿಂದೆ ಬೀಳುತ್ತಾನೆ. ಟೇಲರ್ 1,732 ಮೈಲಿ, ಅಂದರೆ ಸುಮಾರು 2,787 ಕಿಲೋಮೀಟರ್ ತುಳಿದು ಎಂಟನೆಯವನಾದ. ನಿದ್ರೆಗೆಟ್ಟ ಮೆದುಳು ಇಲ್ಲದ್ದನ್ನು ಕಾಣತೊಡಗುತ್ತದೆ. ಯಾರೋ ಚಾಕು ಹಿಡಿದು ಬೆನ್ನಟ್ಟಿ ಬರುತ್ತಿದ್ದಾರೆಂದು ಆತ ಹೇಳಿದ್ದು ಅಂದಿನ ಪತ್ರಿಕೆಗಳಲ್ಲಿ ವರದಿಯಾಯಿತು.

ಇಂಥ ಪಂದ್ಯಗಳ ಕ್ರೌರ್ಯ ಕಂಡು ನ್ಯೂಯಾರ್ಕ್ ರಾಜ್ಯ ಮುಂದೆ ಕಾನೂನು ಮಾಡಿತು. ಒಬ್ಬ ಸವಾರ ದಿನಕ್ಕೆ 12 ಗಂಟೆಗಿಂತ ಹೆಚ್ಚು ತುಳಿಯಬಾರದು. ಹಾಗಾಗಿ ಇಬ್ಬರ ತಂಡ ಸರದಿಯಲ್ಲಿ ತುಳಿಯುವ ಪದ್ಧತಿ ಬಂತು. ಒಲಿಂಪಿಕ್ಸ್‌ನಲ್ಲಿ ನಡೆಯುವ ‘ಮ್ಯಾಡಿಸನ್’ ಎಂಬ ಸೈಕಲ್ ಪಂದ್ಯಕ್ಕೆ ಹೆಸರು ಬಂದದ್ದು ಆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಿಂದಲೇ.

ಗಾಳಿಯನ್ನು ಗೆದ್ದ ಬಗೆ

ಟೇಲರನ ನಿಜವಾದ ಪ್ರತಿಭೆ ಇದ್ದದ್ದು ದೂರದಲ್ಲಲ್ಲ, ಕಡಿಮೆ ದೂರದ ಬಿರುಸಿನಲ್ಲಿ. ಟ್ರ್ಯಾಕಿನ ಕಿರು ಪಂದ್ಯ ನೋಡಿದವರಿಗೆ ಮೊದಲು ಆಶ್ಚರ್ಯವಾಗುತ್ತದೆ. ಹೊರಟ ಕೂಡಲೇ ಯಾರೂ ಧಾವಿಸುವುದಿಲ್ಲ. ನೀನು ಮುಂದೆ ಹೋಗು, ನೀನು ಮುಂದೆ ಹೋಗು ಎನ್ನುವಂತೆ ನಿಧಾನವಾಗಿ ಸುತ್ತುತ್ತಾರೆ. ಕಾರಣ ಗಾಳಿ. ಮುಂದಿರುವವನು ಗಾಳಿಯನ್ನು ಸೀಳಬೇಕು. ಅವನ ಹಿಂಚಕ್ರಕ್ಕೆ ಅಂಟಿಕೊಂಡು ಬರುವವನಿಗೆ ಶ್ರಮ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಹೀಗೆ ಉಳಿಸಿದ ಬಲವನ್ನೆಲ್ಲ ಕೊನೆಯ ಇನ್ನೂರು ಮೀಟರಿನಲ್ಲಿ ಸುರಿದು ಮುನ್ನುಗ್ಗುವುದೇ ಕಿರು ಪಂದ್ಯದ ಗುಟ್ಟು.

ಈ ಗುಟ್ಟನ್ನೇ ಎದುರಾಳಿಗಳು ಟೇಲರನ ವಿರುದ್ಧ ತಿರುಗಿಸಿದರು. ಒಬ್ಬ ಮುಂದೆ, ಒಬ್ಬ ಪಕ್ಕದಲ್ಲಿ, ಒಬ್ಬ ಹಿಂದೆ ನಿಂತು ಆತನನ್ನು ಪೆಟ್ಟಿಗೆಯಲ್ಲಿ ಹಾಕಿದಂತೆ ಕಟ್ಟಿಹಾಕುತ್ತಿದ್ದರು. ಮೊಣಕೈಯಿಂದ ತಿವಿಯುತ್ತಿದ್ದರು, ಚಕ್ರಕ್ಕೆ ಚಕ್ರ ತಾಗಿಸುತ್ತಿದ್ದರು. ಪಂದ್ಯದ ಹಣವನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಒಪ್ಪಂದವೂ ಇರುತ್ತಿತ್ತು. ಟೇಲರ್ ಇದಕ್ಕೆ ಕಂಡುಕೊಂಡ ಉಪಾಯ ಎರಡು: ಕಣ್ಣು ಮಿಟುಕಿಸುವಷ್ಟರಲ್ಲಿ ವೇಗ ಹೆಚ್ಚಿಸಿ ಬಲೆ ಮುಚ್ಚುವ ಮುನ್ನ ಪಾರಾಗುವುದು, ಇಲ್ಲವೇ ಗಾಳಿಯ ತಡೆಯನ್ನು ಒಪ್ಪಿಕೊಂಡು ಎಲ್ಲರಿಗಿಂತ ಮುಂದೆಯೇ ಇರುವುದು.

ಇನ್ನೊಂದು ಉಪಾಯ ಸೈಕಲ್ಲಿನಲ್ಲೇ ಇತ್ತು. ಹ್ಯಾಂಡಲ್ಲನ್ನು ಮುಂದಕ್ಕೆ ಚಾಚುವಂತೆ ಜೋಡಿಸುವ ಒಂದು ತುಂಡನ್ನು ಆತ ಬಳಕೆಗೆ ತಂದ. ಇದರಿಂದ ಸವಾರ ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿ ಬಾಗಿಸಬಹುದು. ಎದುರಿನ ಗಾಳಿಗೆ ಒಡ್ಡಿಕೊಳ್ಳುವ ಮೈಯ ವಿಸ್ತೀರ್ಣ ಕಡಿಮೆಯಾಗುತ್ತದೆ, ತಡೆಯೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಈ ಜೋಡಣೆಗೆ ಆತನ ಹೆಸರೇ ಉಳಿಯಿತು.

1899ರ ಆಗಸ್ಟ್ 10ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಮೈಲಿಯ ಕಿರು ಪಂದ್ಯವನ್ನು ಟೇಲರ್ ಗೆದ್ದ. ಸೈಕಲ್ ಕ್ರೀಡೆಯಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಕಪ್ಪು ವರ್ಣೀಯ ಆತ. ಆಗ ವಯಸ್ಸು 20. ಅದೇ ನವೆಂಬರಿನಲ್ಲಿ ಶಿಕಾಗೋದ ಗಾರ್ಫೀಲ್ಡ್ ಪಾರ್ಕ್ ಟ್ರ್ಯಾಕಿನಲ್ಲಿ, ಗಾಳಿ ಸೀಳುತ್ತಾ ಮುಂದೆ ಸಾಗುವ ಹಬೆಯಂತ್ರದ ವಾಹನದ ಹಿಂದೆ ಒಂದು ಮೈಲಿಯನ್ನು 1 ನಿಮಿಷ 19 ಸೆಕೆಂಡಿನಲ್ಲಿ ತುಳಿದ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 1,609 ಮೀಟರನ್ನು 79 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 20 ಮೀಟರಿಗೂ ಹೆಚ್ಚು. ಅಂದರೆ ಗಂಟೆಗೆ ಸುಮಾರು 73 ಕಿಲೋಮೀಟರ್. ಒಂದೇ ಗೇರಿನ ಸೈಕಲ್ಲಿನ ಮೇಲೆ!

ಭಾನುವಾರ ತುಳಿಯುವುದಿಲ್ಲ

ಈ ಗೆಲುವುಗಳ ಹಿಂದೆ ಆತ ತೆತ್ತ ಬೆಲೆ ಸಣ್ಣದಲ್ಲ. 1897ರಲ್ಲಿ ಮಸಾಚುಸೆಟ್ಸ್‌ನ ಟಾಂಟನ್ ಎಂಬಲ್ಲಿ ಪಂದ್ಯ ಮುಗಿದ ಮೇಲೆ ಒಬ್ಬ ಬಿಳಿಯ ಸ್ಪರ್ಧಿ ಟೇಲರನನ್ನು ಸೈಕಲ್ಲಿನಿಂದ ಕೆಡವಿ ಕತ್ತು ಹಿಸುಕಿದ. ಟೇಲರ್ ಪ್ರಜ್ಞೆ ತಪ್ಪಿದ. ಪೊಲೀಸರು ಬಿಡಿಸದಿದ್ದರೆ ಏನಾಗುತ್ತಿತ್ತೋ! ತಪ್ಪಿತಸ್ಥನಿಗೆ ಆದ ಶಿಕ್ಷೆ 50 ಡಾಲರ್ ದಂಡ. ದಕ್ಷಿಣದ ರಾಜ್ಯಗಳಲ್ಲಿ ಟ್ರ್ಯಾಕಿನ ಬಾಗಿಲೇ ತೆರೆಯುತ್ತಿರಲಿಲ್ಲ; ಹೋಟೆಲುಗಳಲ್ಲಿ ಊಟವಿಲ್ಲ, ಮಲಗಲು ಕೋಣೆಯಿಲ್ಲ. ವೂಸ್ಟರ್‌ನಲ್ಲಿ ಸ್ವಂತ ಹಣದಿಂದ ಮನೆ ಕೊಂಡಾಗ ನೆರೆಯವರು ಹೆಚ್ಚಿನ ಬೆಲೆ ಕೊಟ್ಟು ಅದನ್ನು ಬಿಡಿಸಿಕೊಳ್ಳಲು ನೋಡಿದರು. ಆತ ಮನೆ ಬಿಡಲಿಲ್ಲ.

ಇಷ್ಟರ ನಡುವೆಯೂ ತಾನಾಗಿ ಹಾಕಿಕೊಂಡ ಒಂದು ನಿಯಮ ಆತನಿಗಿತ್ತು. ತಾಯಿಯಿಂದ ಬಂದ ದೈವಭಕ್ತಿ. ಭಾನುವಾರ ಪ್ರಾರ್ಥನೆಯ ದಿನ, ಪಂದ್ಯದ ದಿನವಲ್ಲ. ಯುರೋಪಿನಲ್ಲಿ ದೊಡ್ಡ ಪಂದ್ಯಗಳೆಲ್ಲ ಭಾನುವಾರವೇ ನಡೆಯುತ್ತಿದ್ದವು. ಫ್ರಾನ್ಸಿನ ವ್ಯವಸ್ಥಾಪಕರು ದೊಡ್ಡ ಮೊತ್ತದ ಆಸೆ ತೋರಿಸಿದರೂ ಆತ ಒಪ್ಪಲಿಲ್ಲ. ಕೊನೆಗೆ ಅವರೇ ಸೋತು 1901ರಲ್ಲಿ ಭಾನುವಾರ ಬಿಟ್ಟು ಬೇರೆ ದಿನಗಳಲ್ಲಿ ಪಂದ್ಯ ಇಡಲು ಒಪ್ಪಿಕೊಂಡರು.

ಪ್ಯಾರಿಸ್‌ನಲ್ಲಿ ಎದುರಾಳಿ ಫ್ರಾನ್ಸಿನ ಕಣ್ಮಣಿ ಎಡ್ಮಂಡ್ ಜಾಕೆಲಿನ್. ಮೇ 16ರ ಗುರುವಾರ ಚಳಿಯಲ್ಲಿ ನಡೆದ ಮೊದಲ ಪಂದ್ಯದಲ್ಲಿ ಟೇಲರ್ ಸೋತ. ಗೆದ್ದ ಜಾಕೆಲಿನ್ ಮೂಗಿಗೆ ಹೆಬ್ಬೆರಳಿಟ್ಟು ಅಣಕಿಸಿದ. ಟೇಲರ್ ಮರುಮಾತಾಡದೆ ಇನ್ನೊಂದು ಪಂದ್ಯಕ್ಕೆ ಒಪ್ಪಿದ. ಮೇ 27ರ ಸೋಮವಾರ ಮೊದಲ ಸುತ್ತು ಗೆದ್ದು, ಎರಡನೆಯ ಸುತ್ತು ಹೊರಡುವ ಮುನ್ನ ಪಕ್ಕಕ್ಕೆ ಬಾಗಿ ಎದುರಾಳಿಯ ಕೈ ಕುಲುಕಿದ. ಇದೇ ಕೊನೆಯ ಸುತ್ತು ಎಂಬುದು ಅದರ ಅರ್ಥ. ಹಾಗೆಯೇ ಆಯಿತು. ಗೆದ್ದ ಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚಿಕ್ಕ ಧ್ವಜವನ್ನು ತೆಗೆದು ಬೀಸುತ್ತಾ ಸುತ್ತು ಬಂದ. ಅದು ತನಗೆ ಊಟ ಕೊಡಲೊಲ್ಲದ ಅಮೆರಿಕದ ಧ್ವಜ.

ಸೈಕಲ್ಲೂ ಬಾಕ್ಸಿಂಗೂ

ಟೇಲರನಿಗಿಂತ ಮೊದಲು ಯಾವುದಾದರೂ ಕ್ರೀಡೆಯಲ್ಲಿ ವಿಶ್ವ ಚಾಂಪಿಯನ್ ಎನಿಸಿದ ಕಪ್ಪು ವರ್ಣೀಯ ಒಬ್ಬನೇ. ಕೆನಡಾದ ಬಾಕ್ಸರ್ ಜಾರ್ಜ್ ಡಿಕ್ಸನ್; 1890ರಲ್ಲಿ ಬ್ಯಾಂಟಮ್‌ವೇಟ್ ಪಟ್ಟ ಗೆದ್ದವನು. ಆದರೆ ಬಾಕ್ಸಿಂಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಟ್ಟವಾದ ಹೆವಿವೇಟ್ ಬಿಳಿಯರಿಗೇ ಮೀಸಲಾಗಿತ್ತು. ಅಲ್ಲಿ ಲಿಖಿತ ನಿಯಮವೂ ಬೇಕಿರಲಿಲ್ಲ. ಚಾಂಪಿಯನ್ ಒಪ್ಪದೆ ಪಟ್ಟಕ್ಕೆ ಸ್ಪರ್ಧೆಯೇ ಇಲ್ಲ. ಕಪ್ಪು ವರ್ಣೀಯನ ಜೊತೆ ಕಣಕ್ಕಿಳಿಯುವುದಿಲ್ಲ ಎಂದು ಒಬ್ಬರ ಮೇಲೊಬ್ಬ ಚಾಂಪಿಯನ್ ಹೇಳಿದರೆ ಸಾಕಿತ್ತು. ಸೈಕಲ್ ಪಂದ್ಯದಲ್ಲಿ ಕಡೆಗೂ ಗಡಿಯಾರವಿದೆ, ಗುರಿಯ ಗೆರೆಯಿದೆ. ಬಾಕ್ಸಿಂಗ್ ಪಟುವಿಗೆ ತಾನು ಗಟ್ಟಿಗನೆಂದು ತೋರಿಸಲೂ ಎದುರಾಳಿಯ ಒಪ್ಪಿಗೆ ಬೇಕು.

ಆ ಬಾಗಿಲನ್ನು ಒಡೆದವನು ಜಾಕ್ ಜಾನ್ಸನ್. ಟೇಲರ್ ಹುಟ್ಟಿದ 1878ರಲ್ಲೇ ಹುಟ್ಟಿದವನು. ಆಗಿನ ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಹತ್ತಿ ದೇಶದೇಶ ಅಲೆದು, ಕೊನೆಗೆ 1908ರ ಡಿಸೆಂಬರ್ 26ರಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅವನನ್ನು ಸೋಲಿಸಿದ. 14ನೇ ಸುತ್ತಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಬೇಕಾಯಿತು. ಆ ಪಂದ್ಯವನ್ನು ಏರ್ಪಡಿಸಿ, ತೀರ್ಪುಗಾರನಾಗಿಯೂ ನಿಂತವನು ಹ್ಯೂ ಮ್ಯಾಕಿಂಟಾಷ್. ಸೈಕಲ್ ಸಂಘದ ಕೆಲಸದಲ್ಲಿದ್ದಾಗ ಟೇಲರನನ್ನು ಸಿಡ್ನಿಗೆ ಕರೆಸುವುದರಲ್ಲಿ ಮುಂದಾಗಿದ್ದವನೂ ಇವನೇ. ಟೇಲರ್ ಅಲ್ಲಿ ಎರಡು ಋತುಗಳಲ್ಲಿ ತುಳಿದ. 1904ರಲ್ಲಿ ಅಲ್ಲೇ ಹುಟ್ಟಿದ ಮಗಳಿಗೆ ಸಿಡ್ನಿ ಎಂದೇ ಹೆಸರಿಟ್ಟ.

ಟೇಲರ್ ಮತ್ತು ಜಾನ್ಸನ್ ಸ್ವಭಾವದಲ್ಲಿ ಉತ್ತರ-ದಕ್ಷಿಣ. ಟೇಲರ್ ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ, ಪೆಟ್ಟು ತಿಂದರೂ ತಿರುಗಿ ಹೊಡೆಯುತ್ತಿರಲಿಲ್ಲ. ಜಾನ್ಸನ್ ಒಡವೆ, ಮೋಟಾರು ಕಾರು, ಮೋಜುಗಳಲ್ಲಿ ಮೆರೆಯುತ್ತ ಬಿಳಿಯರ ಕೋಪವನ್ನು ಬೇಕೆಂದೇ ಕೆರಳಿಸಿದವನು. 1910ರ ಜುಲೈ 4ರಂದು ಆತ ಮಾಜಿ ಚಾಂಪಿಯನ್ ಜೆಫ್ರೀಸ್‌ನನ್ನು ಸೋಲಿಸಿದಾಗ ಅಮೆರಿಕದ ಹಲವು ಊರುಗಳಲ್ಲಿ ಗಲಭೆಯಾಗಿ ಜನ ಸತ್ತರು. 1913ರಲ್ಲಿ ಒಂದು ಮೊಕದ್ದಮೆಯಲ್ಲಿ ಜಾನ್ಸನ್‌ಗೆ ಸೆರೆವಾಸದ ಶಿಕ್ಷೆ ವಿಧಿಸಲಾಯಿತು. ಅದಕ್ಕೆ ಮರಣೋತ್ತರ ಕ್ಷಮೆ ದೊರೆತದ್ದು 2018ರಲ್ಲಿ.

ಒಬ್ಬ ತಲೆ ಬಾಗಿಸಿ ನಡೆದ, ಇನ್ನೊಬ್ಬ ಎದೆಯೆತ್ತಿ ನಡೆದ. ಇಬ್ಬರಿಗೂ ಸಿಕ್ಕ ಉಪಚಾರ ಹೆಚ್ಚುಕಡಿಮೆ ಒಂದೇ. ಒಳ್ಳೆಯ ನಡತೆಯಿದ್ದರೆ ಲೋಕವೂ ಒಳ್ಳೆಯದಾಗಿ ನಡೆಸಿಕೊಳ್ಳುತ್ತದೆ ಎಂದು ಮಕ್ಕಳಿಗೆ ಹೇಳುವುದು ವಾಡಿಕೆ. ಟೇಲರನ ಬದುಕು ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ನಡತೆ ಆತನನ್ನು ಏಟಿನಿಂದ ಕಾಪಾಡಲಿಲ್ಲ. ಆದರೆ ಏಟು ಕೊಟ್ಟವರಂತೆ ಆಗದ ಹಾಗೆ ಕಾಪಾಡಿತು. ಎರಡೂ ಬೇರೆ ಬೇರೆ ವಿಷಯ. ಮಕ್ಕಳಿಗೆ ಎರಡನ್ನೂ ಹೇಳಬೇಕು.

ಹೆಸರಿಲ್ಲದ ಸಮಾಧಿ

1910ರಲ್ಲಿ ಟೇಲರ್ ನಿವೃತ್ತನಾದ. ಆಗ ಎಂಜಿನಿಯರಿಂಗ್ ಓದುವ ಆಸೆಯಿಂದ ವೂಸ್ಟರ್‌ನ ತಾಂತ್ರಿಕ ಕಾಲೇಜಿಗೆ ಅರ್ಜಿ ಹಾಕಿದ. ಹೈಸ್ಕೂಲು ಮುಗಿಸಿರಲಿಲ್ಲವಾಗಿ ಪ್ರವೇಶ ಸಿಗಲಿಲ್ಲ. ಗಾಳಿಯ ಬದಲು ಲೋಹದ ಸ್ಪ್ರಿಂಗುಗಳಿರುವ ಮೋಟಾರು ಚಕ್ರ ಮಾಡುವ ಉದ್ಯಮಕ್ಕೆ ಕೈಹಾಕಿದ. ಅದು ಫಲಿಸಲಿಲ್ಲ. ಗಳಿಸಿದ್ದು ಕರಗಿತು, ಮನೆ, ಒಡವೆ ಒಂದೊಂದಾಗಿ ಹೋದವು. 1928ರಲ್ಲಿ ತನ್ನ ಆತ್ಮಕಥೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಎಳೆಯರಿಗೆಂದು ಹನ್ನೆರಡು ‘ಬೇಡ’ಗಳ ಪಟ್ಟಿಯೊಂದಿದೆ. ಮದ್ಯ, ತಂಬಾಕು ಬೇಡವೆನ್ನುವುದರ ಜೊತೆಗೆ ಎದುರಾಳಿಯ ಮೇಲೆ ಅನ್ಯಾಯದ ಮೇಲುಗೈ ಬೇಡವೆಂದೂ ಅಲ್ಲಿದೆ. ಜೀವನವಿಡೀ ಅನ್ಯಾಯ ಉಂಡವನು ಬರೆದ ಮಾತು ಅದು.

ಆ ಪುಸ್ತಕವನ್ನು ಮನೆಮನೆಗೆ ಹೊತ್ತು ಮಾರುತ್ತಾ ಕೊನೆಗಾಲದಲ್ಲಿ ಆತ ಶಿಕಾಗೋದ ವೈ.ಎಂ.ಸಿ.ಎ. ವಸತಿಯಲ್ಲಿ ಉಳಿದುಕೊಂಡಿದ್ದ. ಬಾಲ್ಯದಲ್ಲಿ ಒಳಗೆ ಬಿಡದ ಸಂಸ್ಥೆಯದೇ ಇನ್ನೊಂದು ಶಾಖೆ. 1932ರ ಜೂನ್ 21ರಂದು ಆಸ್ಪತ್ರೆಯೊಂದರ ಧರ್ಮಾರ್ಥ ವಾರ್ಡಿನಲ್ಲಿ ತೀರಿಕೊಂಡಾಗ ದೇಹ ಪಡೆಯಲು ಯಾರೂ ಬರಲಿಲ್ಲ. ಹೆಸರಿಲ್ಲದ ಗುಂಡಿಯಲ್ಲಿ ಹೂಳಿದರು. 1948ರಲ್ಲಿ ಕೆಲವು ಹಳೆಯ ಸೈಕಲ್ ಪಟುಗಳು, ಸೈಕಲ್ ತಯಾರಕ ಫ್ರಾಂಕ್ ಶ್ವಿನ್ ಕೊಟ್ಟ ಹಣದಿಂದ, ಅವಶೇಷವನ್ನು ಅದೇ ಸ್ಮಶಾನದ ಒಳ್ಳೆಯ ಜಾಗಕ್ಕೆ ಸಾಗಿಸಿ ಹೆಸರಿನ ಫಲಕ ಹಾಕಿಸಿದರು. 1982ರಲ್ಲಿ ಇಂಡಿಯಾನಾಪೊಲಿಸ್‌ನ ಹೊಸ ಸೈಕಲ್ ಟ್ರ್ಯಾಕಿಗೆ ಆತನ ಹೆಸರಿಟ್ಟರು. ಬರಕೂಡದೆಂದು ಆಜ್ಞೆ ಮಾಡಿದ್ದ ಅದೇ ಊರು. 2008ರಲ್ಲಿ ವೂಸ್ಟರ್‌ನಲ್ಲಿ ಆತನ ಸ್ಮಾರಕ ಎದ್ದಿತು.

1894ರ ಆ ಬಣ್ಣದ ನಿಯಮವನ್ನು ಸೈಕಲ್ ಸಂಘ ವಿಧಿವತ್ತಾಗಿ ರದ್ದು ಮಾಡಿದ್ದು 1999ರಲ್ಲಿ. ಟೇಲರ್ ಒಂದು ಮೈಲಿ ತುಳಿಯಲು ತೆಗೆದುಕೊಂಡದ್ದು 79 ಸೆಕೆಂಡು. ಒಂದು ಸಾಲಿನ ನಿಯಮ ಅಳಿಸಲು ದೊಡ್ಡವರು ತೆಗೆದುಕೊಂಡದ್ದು 105 ವರ್ಷ. ಆಟದ ಬಯಲಿನಲ್ಲಾಗಲಿ ತರಗತಿಯಲ್ಲಾಗಲಿ ಒಂದು ಮಗುವಿನ ಯೋಗ್ಯತೆ ಅಳೆಯುವ ಮುನ್ನ ಅದನ್ನು ಗೆರೆಯ ಬಳಿ ನಿಲ್ಲಲು ಬಿಟ್ಟಿದ್ದೇವೆಯೇ ಎಂದು ಕೇಳಿಕೊಳ್ಳುವುದು ಹಿರಿಯರ ಕೆಲಸ. ಅಷ್ಟು ಮಾಡಿದರೆ ಉಳಿದದ್ದನ್ನು ಗಡಿಯಾರ ನೋಡಿಕೊಳ್ಳುತ್ತದೆ.